ಸುರಕ್ಷತೆಯ ಸರ್ಟಿಫಿಕೇಟಿಗೆ ದುಡ್ಡು ಕೊಡುವವರು ಯಾರು?

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಒಟ್ಟಿಗೆ ಜಾರಿಗೆ ಬಂದವು. ಅಲ್ಲಿಂದಾಚೆ ನಡೆದ ಚರ್ಚೆಯಲ್ಲಿ ಗ್ರಾಚ್ಯುಟಿ ಬಂತು, ಮುಷ್ಕರದ ನೋಟಿಸು ಬಂತು, ಕೆಲಸದಿಂದ ತೆಗೆಯಲು ಸರ್ಕಾರದ ಅನುಮತಿ ಯಾವಾಗ ಬೇಕು ಎಂಬ ಪ್ರಶ್ನೆ ಬಂತು. ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯ 37ನೇ ಸೆಕ್ಷನ್ ಮಾತ್ರ ಅಷ್ಟಾಗಿ ಯಾರ ಬಾಯಲ್ಲೂ ಕೇಳಿಸಲಿಲ್ಲ. ಸ್ಟಾರ್ಟ್‌ಅಪ್‌ಗಳಲ್ಲಿ ಮತ್ತು ಸರ್ಕಾರ ಅಧಿಸೂಚಿಸುವ ಬೇರೆ ವರ್ಗದ ಸಂಸ್ಥೆಗಳಲ್ಲಿ ಆಡಿಟ್ ಮಾಡಿ ಪ್ರಮಾಣಪತ್ರ ಕೊಡುವ ಕೆಲಸವನ್ನು ಪಟ್ಟಿಯಲ್ಲಿರುವ ಹೊರಗಿನ ಪರಿಣತರಿಗೆ ಒಪ್ಪಿಸಲು ಆ ಸೆಕ್ಷನ್ ದಾರಿ ಮಾಡಿಕೊಡುತ್ತದೆ. ಇಷ್ಟು ಕಾಲ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಮಾಡಬೇಕಿದ್ದ ಕೆಲಸದ ಒಂದು ಪಾಲು ಖಾಸಗಿ ಆಡಿಟರ್ ಕೈಗೆ ಹೋಗಬಹುದು. ಇನ್‌ಸ್ಪೆಕ್ಟರ್‌ ಪದನಾಮವೂ ಬದಲಾಗಿ ಈಗ ‘ಇನ್‌ಸ್ಪೆಕ್ಟರ್ ಕಂ ಫೆಸಿಲಿಟೇಟರ್’ ಆಗಿದೆ.

ಸುರಕ್ಷತೆಗೆ ಖಾಸಗಿ ಪ್ರಮಾಣಪತ್ರ ಪಡೆಯುವುದು ನಮ್ಮ ಕೈಗಾರಿಕೆಗಳಿಗೆ ಹೊಸದೇನಲ್ಲ. ಪೀಣ್ಯ, ಬೊಮ್ಮಸಂದ್ರ, ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶಗಳಲ್ಲಿ ಸ್ವಲ್ಪ ದೊಡ್ಡ ಕಂಪನಿಯ ರಿಸೆಪ್ಷನ್‌ಗೆ ಹೋದರೆ ಗೋಡೆಯ ಮೇಲೆ ಚೌಕಟ್ಟು ಹಾಕಿದ ಐಎಸ್‌ಒ 45001 ಸರ್ಟಿಫಿಕೇಟ್ ಕಾಣುತ್ತದೆ. ಕೆಲಸದ ಜಾಗದ ಸುರಕ್ಷತೆ, ಆರೋಗ್ಯಕ್ಕೆಂದು ಬರೆದ ಅಂತಾರಾಷ್ಟ್ರೀಯ ಮಾನದಂಡ ಅದು. ಸರ್ಕಾರ ಇದೇ ಮಾದರಿಯನ್ನು ಕಾನೂನಿನೊಳಗೆ ತರಲು ಹೊರಟಿರುವಾಗ, ಈ ಸರ್ಟಿಫಿಕೇಟ್‌ಗಳು ಇದುವರೆಗೆ ಯಾರಿಗೆ ಏನು ಮಾಡಿವೆ ಎಂದು ನೋಡಬೇಕು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಾನದಂಡದಲ್ಲಿ ಬರೆದಿರುವುದು ಬಹುಪಾಲು ಸರಿಯಾಗಿದೆ, ಕೆಲವು ಕಡೆ ನಮ್ಮ ಕಾನೂನಿಗಿಂತ ಮುಂದೆ ಇದೆ. ಕೆಟ್ಟಿರುವುದು ಆಡಿಟರ್‌ಗೆ ಫೀಸು ಯಾರು ಕೊಡುತ್ತಾರೆ, ಅವನ ವರದಿ ಯಾರ ಕೈ ಸೇರುತ್ತದೆ ಎಂಬ ಏರ್ಪಾಡು.

ಐಎಸ್‌ಒ 45001 ಹುಟ್ಟಿದ್ದು 2018ರ ಮಾರ್ಚ್‌ನಲ್ಲಿ. ಅದಕ್ಕೂ ಮುಂಚೆ 1999ರಿಂದ ಒಎಚ್‌ಎಸ್‌ಎಎಸ್ 18001 ಎಂಬ ಇಂಥದೇ ಮಾನದಂಡ ಚಲಾವಣೆಯಲ್ಲಿತ್ತು. ನಮ್ಮ ಭಾರತೀಯ ಮಾನಕ ಬ್ಯೂರೋ ಕೂಡ ಐಎಸ್ 18001 ಎಂಬ ತನ್ನದೇ ಮಾನದಂಡ ತಂದಿತ್ತು, ಈಗ ಐಎಸ್‌ಒ ಪಠ್ಯವನ್ನೇ ಒಪ್ಪಿಕೊಂಡಿದೆ. ಇಲ್ಲಿ ಬಹಳ ಜನ ತಪ್ಪು ತಿಳಿಯುವ ಒಂದು ವಿಷಯವಿದೆ. ಜಿನೀವಾದಲ್ಲಿರುವ ಐಎಸ್‌ಒ ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. ಅದು ಮಾನದಂಡ ಬರೆದು ಪ್ರಕಟಿಸುತ್ತದೆ, ಅಷ್ಟೆ. ಸರ್ಟಿಫಿಕೇಟ್ ಕೊಡುವುದು ಖಾಸಗಿ ಪ್ರಮಾಣೀಕರಣ ಸಂಸ್ಥೆಗಳು. ಆ ಸಂಸ್ಥೆಗಳು ಯೋಗ್ಯವೇ ಎಂದು ನೋಡಲು ಅವುಗಳ ಮೇಲೆ ಇನ್ನೊಂದು ಪದರವಿದೆ. ಭಾರತದಲ್ಲಿ ಅದು ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ಅಡಿಯಲ್ಲಿರುವ ಎನ್‌ಎಬಿಸಿಬಿ. ಆಡಿಟ್ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು ದಾಖಲೆ ಮತ್ತು ಸಿದ್ಧತೆ, ಆಮೇಲೆ ಶಾಪ್ ಫ್ಲೋರ್. ಸರ್ಟಿಫಿಕೇಟಿನ ಆಯಸ್ಸು ಮೂರು ವರ್ಷ. ನಡುವೆ ವರ್ಷಕ್ಕೊಮ್ಮೆ ಕಣ್ಗಾವಲು ಆಡಿಟ್.

ಇದೆಲ್ಲ ಕಾಗದದ ಮೇಲೆ ಚೆನ್ನಾಗಿಯೇ ಇದೆ. ಆದರೆ ಮಾನದಂಡ ನಿಜಕ್ಕೂ ಕೇಳುವುದೇನು ಎಂದು ತಿಳಿಯಬೇಕಾದರೆ ಒಂದು ಟ್ಯಾಂಕಿನ ಬಾಯಿಯ ಬಳಿ ನಿಂತು ನೋಡಬೇಕು.

2022ರ ಏಪ್ರಿಲ್‌ನಲ್ಲಿ ಮಂಗಳೂರು ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ತ್ಯಾಜ್ಯದ ಟ್ಯಾಂಕಿಗೆ ಬಿದ್ದ ಒಬ್ಬ ಕಾರ್ಮಿಕನನ್ನು ಎತ್ತಲು ಜೊತೆಗಾರರು ಒಬ್ಬರ ಹಿಂದೆ ಒಬ್ಬರು ಇಳಿದರು. ಸತ್ತವರು ಐವರು, ಎಲ್ಲರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದ ಹುಡುಗರು. ಕೊಳೆಯುವ ಜೈವಿಕ ತ್ಯಾಜ್ಯದಿಂದ ಹೊಮ್ಮುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲಿ ಮಡುಗಟ್ಟಿ ನಿಲ್ಲುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ವಾಸನೆ. ಪ್ರಮಾಣ ಹೆಚ್ಚಿದಾಗ ಮೂಗಿನ ಗ್ರಹಣಶಕ್ತಿಯನ್ನೇ ಕೊಂದುಬಿಡುತ್ತದೆ. ವಾಸನೆ ನಿಂತಿತು, ಅಂದರೆ ಅನಿಲ ಹೋಯಿತು ಎಂದು ನಂಬಿದವನು ಅಲ್ಲೇ ಕುಸಿಯುತ್ತಾನೆ. ಮುಚ್ಚಿದ ಜಾಗಗಳಲ್ಲಿ ನಡೆಯುವ ಸಾವುಗಳಲ್ಲಿ ರಕ್ಷಿಸಲು ಇಳಿದವರೇ ಎಷ್ಟೋ ಸಲ ಹೆಚ್ಚು. 2025ರ ಜುಲೈನಲ್ಲಿ ಅದೇ ಮಂಗಳೂರಿನ ತೈಲ ಸಂಸ್ಕರಣಾಗಾರದಲ್ಲಿ ಇದೇ ಅನಿಲ ಸೋರಿ ಇಬ್ಬರು ನೌಕರರು ತೀರಿಕೊಂಡರು. ಮ್ಯಾನ್‌ಹೋಲ್‌ಗಳಲ್ಲಿ ಪೌರಕಾರ್ಮಿಕರನ್ನು ಕೊಲ್ಲುತ್ತಿರುವುದೂ ಬಹುಮಟ್ಟಿಗೆ ಇದೇ.

ಈ ಟ್ಯಾಂಕಿನ ವಿಷಯದಲ್ಲಿ ಐಎಸ್‌ಒ 45001 ಕೇಳುವ ಮೊದಲ ಪ್ರಶ್ನೆ ‘ಮಾಸ್ಕ್ ಕೊಟ್ಟಿದ್ದೀರಾ’ ಎಂಬುದಲ್ಲ. ಅದರ ನಿಯಂತ್ರಣ ಕ್ರಮಕ್ಕೆ ಐದು ಮೆಟ್ಟಿಲುಗಳಿವೆ, ಮೇಲಿನಿಂದಲೇ ಶುರು ಮಾಡಬೇಕು. ಮೊದಲನೆಯದು ಅಪಾಯವನ್ನೇ ಇಲ್ಲವಾಗಿಸುವುದು: ಟ್ಯಾಂಕಿನೊಳಗೆ ಮನುಷ್ಯ ಇಳಿಯುವ ಅಗತ್ಯವೇ ಬೀಳದಂತೆ ಹೊರಗಿನಿಂದ ಪಂಪ್ ಮಾಡಿ ತೊಳೆಯುವ ವ್ಯವಸ್ಥೆ. ಎರಡನೆಯದು ಅಪಾಯಕಾರಿ ವಸ್ತು ಅಥವಾ ವಿಧಾನದ ಬದಲು ಕಡಿಮೆ ಅಪಾಯದ್ದನ್ನು ತರುವುದು; ತ್ಯಾಜ್ಯ ವಾರಗಟ್ಟಲೆ ನಿಂತು ಕೊಳೆಯುವ ಮುಂಚೆಯೇ ಸಾಗಿಸುವುದು ಇದಕ್ಕೆ ಹತ್ತಿರ. ಮೂರನೆಯದು ಎಂಜಿನಿಯರಿಂಗ್: ಕಾಲು ಜಾರಿ ಬೀಳದಂತೆ ಬಾಯಿಗೆ ಬಿಗಿಯಾದ ಜಾಲರಿ, ಗಾಳಿ ಊದುವ ಬ್ಲೋವರ್, ಅನಿಲ ಪತ್ತೆ ಮಾಡುವ ಡಿಟೆಕ್ಟರ್. ನಾಲ್ಕನೆಯದು ಆಡಳಿತ ಕ್ರಮ: ಒಳಗಿಳಿಯುವ ಮುನ್ನ ಸಹಿಯಾದ ವರ್ಕ್ ಪರ್ಮಿಟ್, ಹೊರಗೆ ಒಬ್ಬ ಕಾವಲುಗಾರ, ತರಬೇತಿ. ಕಟ್ಟಕಡೆಗೆ ಮಾಸ್ಕ್, ಬೆಲ್ಟು, ಉಸಿರಾಟದ ಸಿಲಿಂಡರ್‌ನಂಥ ವೈಯಕ್ತಿಕ ರಕ್ಷಣಾ ಸಾಧನ.

ನಮ್ಮಲ್ಲಿ ಸುರಕ್ಷತೆ ಎಂದರೆ ಈ ಕೊನೆಯ ಮೆಟ್ಟಿಲು ಮಾತ್ರ ಆಗಿಬಿಟ್ಟಿದೆ. ಹೆಲ್ಮೆಟ್ ಹಾಕು, ಸೇಫ್ಟಿ ಶೂ ಹಾಕು, ಹಾಕದಿದ್ದರೆ ದಂಡ. ಕೊನೆಯ ಮೆಟ್ಟಿಲು ಮಾಲೀಕರಿಗೆ ಅಗ್ಗ. ಅವಘಡವಾದಾಗ ತಪ್ಪನ್ನು ಕಾರ್ಮಿಕನ ತಲೆಗೆ ಕಟ್ಟುವುದಕ್ಕೂ ಸುಲಭ. ಮೇಲಿನ ಮೂರು ಮೆಟ್ಟಿಲುಗಳಿಗೆ ಬಂಡವಾಳ ಹಾಕಬೇಕು, ಯಂತ್ರ ನಿಲ್ಲಿಸಬೇಕು, ಕೆಲವೊಮ್ಮೆ ಉತ್ಪಾದನೆಯ ವಿಧಾನವನ್ನೇ ಬದಲಿಸಬೇಕು.

ಮಾನದಂಡ ಇನ್ನೂ ಮೂರು ವಿಷಯಗಳಲ್ಲಿ ಮುಂದಿದೆ. ಕಾರ್ಮಿಕ ಎಂಬ ವ್ಯಾಖ್ಯೆಯೊಳಗೆ ಅದು ಗುತ್ತಿಗೆಯವರು, ಏಜೆನ್ಸಿ ಮೂಲಕ ಬಂದವರು, ಸಂಬಳವಿಲ್ಲದೆ ಕಲಿಯಲು ಬಂದವರು ಎಲ್ಲರನ್ನೂ ಸೇರಿಸುತ್ತದೆ. ಅಪಾಯ ಗುರುತಿಸುವಾಗ, ನಿರ್ಧಾರ ತೆಗೆದುಕೊಳ್ಳುವಾಗ ಮ್ಯಾನೇಜರ್ ಅಲ್ಲದ ಕಾರ್ಮಿಕರನ್ನು ಕೇಳಲೇಬೇಕು ಎನ್ನುತ್ತದೆ. ಜೀವಕ್ಕೆ ಅಪಾಯ ಎಂದು ಕಾರ್ಮಿಕನಿಗೆ ಅನ್ನಿಸಿದರೆ ಆ ಜಾಗ ಬಿಟ್ಟು ಹೊರಬರಬಹುದು, ಹಾಗೆ ಬಂದವನ ಮೇಲೆ ಸೇಡು ತೀರಿಸದಂತೆ ಸಂಸ್ಥೆ ನೋಡಿಕೊಳ್ಳಬೇಕು ಎಂದೂ ಹೇಳುತ್ತದೆ. ಬೈಕಂಪಾಡಿಯಲ್ಲೋ ದಾಬಸ್‌ಪೇಟೆಯಲ್ಲೋ ಕಂಟ್ರಾಕ್ಟರ್ ಕೈಕೆಳಗೆ ದಿನಗೂಲಿಗಿರುವ ಒಡಿಶಾದ ಹುಡುಗ ‘ನಾನು ಇಳಿಯಲ್ಲ’ ಎಂದು ಹೇಳಿ ಮರುದಿನವೂ ಕೆಲಸ ಉಳಿಸಿಕೊಳ್ಳುವುದನ್ನು ಊಹಿಸಿಕೊಳ್ಳಿ. ಆ ಒಂದು ವಾಕ್ಯ ಜಾರಿಯಾದರೆ ಅದೆಷ್ಟೋ ಜೀವ ಉಳಿಯುತ್ತದೆ.

ಹಾಗಾದರೆ ಯಾಕೆ ಜಾರಿಯಾಗುತ್ತಿಲ್ಲ?

ಕರಾಚಿಯ ಬಲ್ದಿಯಾ ಟೌನ್‌ನಲ್ಲಿ ಅಲಿ ಎಂಟರ್‌ಪ್ರೈಸಸ್ ಎಂಬ ಗಾರ್ಮೆಂಟ್ ಕಾರ್ಖಾನೆಯಿತ್ತು. ಅದರ ಮುಖ್ಯ ಗ್ರಾಹಕ ಜರ್ಮನಿಯ ಬಟ್ಟೆ ಕಂಪನಿ. 2012ರ ಆಗಸ್ಟ್‌ನಲ್ಲಿ ಅದಕ್ಕೆ ಎಸ್‌ಎ 8000 ಸರ್ಟಿಫಿಕೇಟ್ ಸಿಕ್ಕಿತು. ಇದು ಐಎಸ್‌ಒ 45001 ಅಲ್ಲ, ಕಾರ್ಮಿಕರ ಹಕ್ಕುಗಳ ಮಾನದಂಡ. ಆದರೆ ಆರೋಗ್ಯ ಮತ್ತು ಸುರಕ್ಷತೆ ಅದರ ಮುಖ್ಯ ಭಾಗ. ಸರ್ಟಿಫಿಕೇಟ್ ಕೊಟ್ಟದ್ದು ಇಟಲಿಯ ಸಂಸ್ಥೆ, ಆಡಿಟ್ ಮಾಡಿದ್ದು ಅದರ ಉಪಗುತ್ತಿಗೆ ಪಡೆದ ಸ್ಥಳೀಯ ಕಂಪನಿ. ಕೆಲವೇ ವಾರಗಳ ನಂತರ, ಸೆಪ್ಟೆಂಬರ್ 11ರಂದು, ಬೆಂಕಿ ಹತ್ತಿತು. 250ಕ್ಕೂ ಹೆಚ್ಚು ಜನ ಸತ್ತರು. ಕಿಟಕಿಗಳಿಗೆ ಕಬ್ಬಿಣದ ಸರಳು, ಹೊರಹೋಗುವ ಬಾಗಿಲುಗಳಿಗೆ ಬೀಗ. ಬೆಂಕಿ ಹಚ್ಚಿದ್ದು ಹಫ್ತಾ ವಸೂಲಿಯವರು ಎಂದು 2020ರಲ್ಲಿ ಕರಾಚಿಯ ನ್ಯಾಯಾಲಯ ತೀರ್ಪು ಕೊಟ್ಟಿತು, ಅದನ್ನು ಮರೆಯಬಾರದು. ಬೆಂಕಿ ಯಾರು ಹಚ್ಚಿದರೂ ಬೀಗ ಹಾಕಿದ ಬಾಗಿಲು ಅಲ್ಲೇ ಇತ್ತು, ಆಡಿಟ್ ಆದ ಕಟ್ಟಡದಲ್ಲಿ.

ಬೀಗ ಆಡಿಟರ್ ಕಣ್ಣಿಗೆ ಬೀಳದೆ ಹೋಗುವುದು ಹೇಗೆ ಎಂದು ಕೇಳಿದರೆ, ಉತ್ತರಕ್ಕೆ ಕರಾಚಿಗೆ ಹೋಗಬೇಕಿಲ್ಲ. ಆಡಿಟ್ ದಿನಾಂಕ ಮೊದಲೇ ಗೊತ್ತಿರುತ್ತದೆ. ಆ ದಿನ ದಾರಿಗಳಿಗೆ ಹಳದಿ ಪಟ್ಟಿ ಬಳಿದಿರುತ್ತದೆ, ಅಗ್ನಿಶಾಮಕ ಸಿಲಿಂಡರ್‌ಗೆ ಹೊಸ ಚೀಟಿ ಅಂಟಿರುತ್ತದೆ, ಕೆಲಸಗಾರರಿಗೆ ಯಾವ ಪ್ರಶ್ನೆಗೆ ಯಾವ ಉತ್ತರ ಎಂದು ಸೂಪರ್‌ವೈಸರ್ ಹೇಳಿಕೊಟ್ಟಿರುತ್ತಾರೆ. ಮಾತಾಡಲು ಮುಂದೆ ನಿಲ್ಲಿಸುವುದು ಖಾಯಂ ನೌಕರರನ್ನು. ಕನ್ಸಲ್ಟೆಂಟ್ ಬರೆದುಕೊಟ್ಟ ಅಪಾಯಗಳ ಪಟ್ಟಿಯಲ್ಲಿ ಕೆಲವೊಮ್ಮೆ ಆ ಕಾರ್ಖಾನೆಯಲ್ಲಿ ಇಲ್ಲವೇ ಇಲ್ಲದ ಯಂತ್ರದ ಹೆಸರೂ ಇರುತ್ತದೆ, ಏಕೆಂದರೆ ಅದು ಬೇರೆ ಗ್ರಾಹಕನಿಗೆ ತಯಾರಿಸಿದ ಫೈಲಿನ ನಕಲು. ಆಡಿಟರ್‌ಗೆ ಇದು ತಿಳಿಯದ್ದಲ್ಲ. ಅವರಲ್ಲಿ ಬಹಳ ಮಂದಿ ಪ್ರಾಮಾಣಿಕರು, ನುರಿತ ಎಂಜಿನಿಯರುಗಳು. ಆದರೆ ಅವರ ಸಂಸ್ಥೆಗೆ ಫೀಸು ಕೊಡುವುದು ಅದೇ ಕಾರ್ಖಾನೆ. ಕಟ್ಟುನಿಟ್ಟಾದರೆ ಮುಂದಿನ ಸಲ ಕಾರ್ಖಾನೆ ಬೇರೆ ಸಂಸ್ಥೆಯನ್ನು ಹುಡುಕಿಕೊಳ್ಳುತ್ತದೆ. ವರದಿ ಕಾರ್ಖಾನೆಯ ಸೊತ್ತು. ಹೊರಗಿನವರಿಗೆ ಕಾಣುವುದು ಸರ್ಟಿಫಿಕೇಟ್ ಇದೆಯೋ ಇಲ್ಲವೋ ಎಂಬುದಷ್ಟೆ.

ಇದು ಬರಿಯ ಶಂಕೆಯಲ್ಲ, ಗುಜರಾತಿನಲ್ಲಿ ಅಳೆದು ನೋಡಿದ್ದಾರೆ. ಅಲ್ಲಿ 1996ರಲ್ಲಿ ಹೈಕೋರ್ಟ್ ಆದೇಶದ ಮೇಲೆ ಮಾಲಿನ್ಯಕಾರಿ ಕಾರ್ಖಾನೆಗಳಿಗೆ ಖಾಸಗಿ ಪರಿಸರ ಆಡಿಟ್ ಕಡ್ಡಾಯವಾಯಿತು. ಆಡಿಟರನ್ನು ಆರಿಸಿ ಹಣ ಕೊಡುವುದು ಕಾರ್ಖಾನೆಯೇ. ಎಸ್ತರ್ ಡುಫ್ಲೋ, ಮೈಕಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೋಲಸ್ ರಯಾನ್ ಎಂಬ ಅರ್ಥಶಾಸ್ತ್ರಜ್ಞರು ಗುಜರಾತ್ ಮಾಲಿನ್ಯ ನಿಯಂತ್ರಣ ಮಂಡಳಿಯ ಜೊತೆ ಸೇರಿ ಅಹಮದಾಬಾದ್ ಮತ್ತು ಸೂರತ್ ಸುತ್ತಲಿನ 473 ಕಾರ್ಖಾನೆಗಳಲ್ಲಿ ಪ್ರಯೋಗ ನಡೆಸಿದರು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಹಳೆಯ ಪದ್ಧತಿಯಲ್ಲಿ, ಹೊಗೆಯಲ್ಲಿನ ಧೂಳಿನ ಕಣಗಳ ಮಿತಿಯನ್ನು ಮೀರಿವೆ ಎಂದು ಆಡಿಟರ್‌ಗಳು ವರದಿ ಮಾಡಿದ್ದು ಶೇ 7ರಷ್ಟು ಕಾರ್ಖಾನೆಗಳು. ಬೇರೆ ತಂಡ ಹೋಗಿ ಅಳೆದಾಗ ನಿಜವಾಗಿ ಮಿತಿ ಮೀರಿದ್ದವು ಶೇ 59. ಆಡಿಟರ್‌ಗಳ ಅಂಕಿಗಳು ಕಾನೂನಿನ ಮಿತಿಗಿಂತ ಕೂದಲೆಳೆ ಕೆಳಗೆ ಗುಂಪುಗಟ್ಟಿ ಕುಳಿತಿದ್ದವು.

ಅದೇ ಪ್ರಯೋಗದಲ್ಲಿ ಉಳಿದ ಅರ್ಧದಷ್ಟು ಕಾರ್ಖಾನೆಗಳಲ್ಲಿ ಏರ್ಪಾಡು ಬದಲಿಸಿದ್ದರು. ಯಾವ ಕಾರ್ಖಾನೆಗೆ ಯಾವ ಆಡಿಟರ್ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದರು. ಫೀಸನ್ನು ಒಂದು ಸಾಮಾನ್ಯ ನಿಧಿಯಿಂದ, ನಿಗದಿತ ದರದಲ್ಲಿ ಕೊಟ್ಟರು. ಆಡಿಟರ್ ಹೋಗಿಬಂದ ಕೆಲವು ಕಡೆ ಇನ್ನೊಬ್ಬರನ್ನು ಕಳಿಸಿ ಮತ್ತೆ ಅಳತೆ ಮಾಡಿಸಿದರು. ಎರಡನೇ ವರ್ಷ ನಿಖರತೆಗೆ ತಕ್ಕಂತೆ ಸಂಭಾವನೆ ಇಟ್ಟರು. ಸುಳ್ಳು ವರದಿ ತೀವ್ರವಾಗಿ ಇಳಿಯಿತು. ಅದಕ್ಕಿಂತ ಮುಖ್ಯವಾಗಿ, ಆ ಕಾರ್ಖಾನೆಗಳು ಹೊರಬಿಡುವ ಮಾಲಿನ್ಯವೇ ಕಡಿಮೆಯಾಯಿತು. ಆಡಿಟರ್‌ಗಳು ಮೊದಲಿನವರೇ, ಅವರ ಯಂತ್ರಗಳೂ ಮೊದಲಿನವೇ. ಆಡಿಟರನ್ನು ಆರಿಸುವ, ದುಡ್ಡು ಕೊಡುವ, ಮತ್ತೆ ಅಳೆದು ನೋಡುವ ಏರ್ಪಾಡನ್ನು ಬದಲಿಸಿದ್ದಕ್ಕೆ ಇಷ್ಟಾಯಿತು. ಭಾರತದ ನೆಲದಲ್ಲಿ, ಭಾರತದ ಆಡಿಟರ್‌ಗಳ ಮೇಲೆ ಮಾಡಿದ ಈ ಪ್ರಯೋಗವನ್ನು ಕಾರ್ಮಿಕ ಸುರಕ್ಷತೆಯ ನಿಯಮ ಬರೆಯುವವರು ಓದದೆ ಮುಂದೆ ಹೋಗಬಾರದು.

ಹಾಗೆಂದು ಸರ್ಟಿಫಿಕೇಟ್ ಎಲ್ಲ ವ್ಯರ್ಥ ಎನ್ನುವವರ ಜೊತೆ ನಾನಿಲ್ಲ. ಅಮೆರಿಕದಲ್ಲಿ ಒಎಚ್‌ಎಸ್‌ಎಎಸ್ 18001 ಪಡೆದ ಘಟಕಗಳನ್ನು ಅಂಥವೇ ಬೇರೆ ಘಟಕಗಳೊಂದಿಗೆ ಹೋಲಿಸಿ ನಡೆಸಿದ ಅಧ್ಯಯನದಲ್ಲಿ, ಸರ್ಟಿಫಿಕೇಟ್ ಪಡೆದ ಮೇಲೆ ಗಾಯ ಮತ್ತು ಕಾಯಿಲೆಯ ಪ್ರಕರಣಗಳು ಸುಮಾರು ಶೇ 20ರಷ್ಟು ಇಳಿದಿದ್ದವು. ಅಲ್ಲಿ ಗಾಯವಾದರೆ ದಾಖಲಿಸದೆ ಬಿಡುವುದು ದುಬಾರಿ ತಪ್ಪು. ಸರ್ಕಾರದ ಇನ್‌ಸ್ಪೆಕ್ಟರ್ ಬರಬಹುದು ಎಂಬ ಹೆದರಿಕೆ ಇದೆ. ವಿಮೆಯ ಕಂಪನಿ ಲೆಕ್ಕ ಕೇಳುತ್ತದೆ. ಖಾಸಗಿ ಮಾನದಂಡ ಗಟ್ಟಿಯಾದ ಸರ್ಕಾರಿ ತಪಾಸಣೆಯ ಮೇಲೆ ನಿಂತಾಗ ಕೆಲಸ ಮಾಡುತ್ತದೆ ಎಂದು ನಾನು ಇದನ್ನು ಅರ್ಥ ಮಾಡಿಕೊಳ್ಳುತ್ತೇನೆ. ತಪಾಸಣೆಯನ್ನು ತೆಗೆದು ಆ ಜಾಗದಲ್ಲಿ ಮಾನದಂಡವನ್ನು ಇಟ್ಟರೆ ಅದೇ ಫಲ ಬರುತ್ತದೆ ಎಂದು ನಂಬಲು ಆಧಾರವಿಲ್ಲ.

ನಮ್ಮ ನೆಲದ ಲೆಕ್ಕವೇ ದುರ್ಬಲ. ಕಾರ್ಖಾನೆ ಸುರಕ್ಷತೆಯ ಬಗ್ಗೆ ಸಲಹೆ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಡಿಜಿಎಫ್‌ಎಎಸ್‌ಎಲ್‌ಐ ಅಂಕಿ ಅಂಶದಂತೆ 2017ರಿಂದ 2020ರವರೆಗೆ ದೇಶದ ನೋಂದಾಯಿತ ಕಾರ್ಖಾನೆಗಳಲ್ಲಿ ದಿನಕ್ಕೆ ಸರಾಸರಿ ಮೂವರು ಸತ್ತಿದ್ದಾರೆ. ಇದರಲ್ಲಿ ನೋಂದಣಿಯಾಗದ ಶೆಡ್ಡುಗಳಿಲ್ಲ, ಕಟ್ಟಡ ಕಾಮಗಾರಿಯಿಲ್ಲ, ಗಣಿಗಳಿಲ್ಲ. ನೋಂದಾಯಿತ ಕಾರ್ಖಾನೆಯಲ್ಲೂ ಗುತ್ತಿಗೆ ಕಾರ್ಮಿಕನ ಬೆರಳು ಹೋದರೆ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಹೊಲಿಗೆ ಹಾಕಿಸಿ, ಕೈಗೊಂದಿಷ್ಟು ಹಣ ಕೊಟ್ಟು ಊರಿಗೆ ಕಳಿಸುವುದು ಉಂಟು. ‘ಅಪಘಾತವಿಲ್ಲದ ದಿನಗಳು’ ಎಂಬ ಬೋರ್ಡು ಗೇಟಿನ ಬಳಿ ದಿನದಿನವೂ ಏರುತ್ತಿರುತ್ತದೆ. ಆ ಅಂಕಿಗೆ ಬೋನಸ್ ಜೋಡಿಸಿದ ಕಡೆ ಗಾಯ ಮುಚ್ಚಿಡಲು ಕಾರ್ಮಿಕರ ಮೇಲೆಯೇ ಒತ್ತಡ ಬೀಳುತ್ತದೆ, ತಮ್ಮಿಂದಾಗಿ ಇಡೀ ಲೈನಿನವರ ಬೋನಸ್ ಹೋಯಿತು ಎಂಬ ಮಾತು ಯಾರಿಗೂ ಬೇಡ. ಇಂಥ ಬೋರ್ಡುಗಳನ್ನು ತೆಗೆದು, ‘ಕೂದಲೆಳೆಯಲ್ಲಿ ತಪ್ಪಿದ ಅವಘಡ ಈ ತಿಂಗಳು ಎಷ್ಟು ವರದಿಯಾಯಿತು’ ಎಂಬ ಬೋರ್ಡು ಹಾಕುವ ಕಾರ್ಖಾನೆಯನ್ನು ನಾನು ಹೆಚ್ಚು ನಂಬುತ್ತೇನೆ.

ಸರ್ಟಿಫಿಕೇಟಿನ ಇನ್ನೊಂದು ಮಿತಿ ಅದರ ಮೇಲೇ ಅಚ್ಚಾಗಿರುತ್ತದೆ, ಯಾರೂ ಓದುವುದಿಲ್ಲ. ಯಾವ ವಿಳಾಸದ ಯಾವ ಚಟುವಟಿಕೆಗೆ ಇದು ಅನ್ವಯ ಎಂಬ ವ್ಯಾಪ್ತಿಯ ಸಾಲು ಅದು. ಕಾರು ಕಂಪನಿಗೆ ನೇರವಾಗಿ ಬಿಡಿಭಾಗ ಕೊಡುವ ದೊಡ್ಡ ಘಟಕಕ್ಕೆ ಸರ್ಟಿಫಿಕೇಟ್ ಇರುತ್ತದೆ. ಆ ಘಟಕಕ್ಕೆ ತಗಡಿನ ತುಂಡು ಒತ್ತಿಕೊಡುವ ಸಣ್ಣ ಪ್ರೆಸ್ ಶಾಪ್ ವ್ಯಾಪ್ತಿಯಲ್ಲಿ ಇರುವುದಿಲ್ಲ, ಬೆರಳು ಹೋಗುವುದು ಹೆಚ್ಚಾಗಿ ಅಲ್ಲೇ. ಮಾನೇಸರ್ ಮತ್ತು ಫರೀದಾಬಾದಿನ ವಾಹನ ಬಿಡಿಭಾಗ ಉದ್ಯಮದಲ್ಲಿ ಗಾಯಗೊಂಡವರ ನಡುವೆ ವರ್ಷಗಳಿಂದ ಕೆಲಸ ಮಾಡುತ್ತಿರುವ ಸೇಫ್ ಇನ್ ಇಂಡಿಯಾ ಪ್ರತಿಷ್ಠಾನ ಇದನ್ನೇ ದಾಖಲಿಸುತ್ತ ಬಂದಿದೆ: ಪವರ್ ಪ್ರೆಸ್‌ಗಳಲ್ಲಿ ಸೆನ್ಸರ್ ಇಲ್ಲ ಅಥವಾ ಕೆಲಸ ಮಾಡುವುದಿಲ್ಲ, ಬಹಳ ಮಂದಿಗೆ ಇಎಸ್‌ಐ ಕಾರ್ಡ್ ಸಿಗುವುದು ಕೆಲಸಕ್ಕೆ ಸೇರಿದ ದಿನವಲ್ಲ, ಅಪಘಾತವಾದ ಮೇಲೆ. ಪೀಣ್ಯದ ಪ್ರೆಸ್ ಶಾಪುಗಳನ್ನು ಬಲ್ಲವರಿಗೆ ಇದು ದೂರದ ಹರಿಯಾಣದ ಕಥೆ ಅನ್ನಿಸಲಾರದು. ಎರಡೂ ಕೈಯಿಂದ ಗುಂಡಿ ಒತ್ತಿದರಷ್ಟೇ ಕೆಳಗಿಳಿಯುವ ಪ್ರೆಸ್ಸಿನ ಒಂದು ಗುಂಡಿಗೆ ಕಡ್ಡಿ ಸಿಕ್ಕಿಸಿ ಕೆಲಸ ಮಾಡಿಸುವುದು ದಿನದ ಟಾರ್ಗೆಟ್ ಮುಟ್ಟಲಿ ಎಂದೇ. ಆ ಟಾರ್ಗೆಟ್ ಹುಟ್ಟುವುದು ಮೇಲಿನ ಸರ್ಟಿಫಿಕೇಟ್ ಇರುವ ಘಟಕದ ಖರೀದಿ ವಿಭಾಗದಲ್ಲಿ, ಅವರು ಕೊಡುವ ದರದಲ್ಲಿ.

ಹೊಸ ಸಂಹಿತೆ ಒಳ್ಳೆಯದನ್ನೂ ಕೆಟ್ಟದ್ದನ್ನೂ ತಂದಿದೆ. ಸಾಮಾನ್ಯವಾಗಿ ಸಾವಿರ ಕಾರ್ಮಿಕರಿದ್ದಲ್ಲಿ ಬೇಕಿದ್ದ ಸುರಕ್ಷತಾ ಅಧಿಕಾರಿ ಈಗ 500 ಜನರಿದ್ದರೆ ಬೇಕು, ಅಪಾಯಕಾರಿ ಪ್ರಕ್ರಿಯೆಯಿದ್ದರೆ 250ಕ್ಕೇ ಬೇಕು. ನಿಯಮ ಮುರಿದು ಸಾವಾದರೆ ದಂಡ ಕನಿಷ್ಠ 5 ಲಕ್ಷ ರೂಪಾಯಿ, ಅದರ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಕುಟುಂಬಕ್ಕೆ ಕೊಡಿಸಲು ನ್ಯಾಯಾಲಯಕ್ಕೆ ಅವಕಾಶವಿದೆ. ಇವು ಸ್ವಾಗತಾರ್ಹ. ಇನ್ನೊಂದೆಡೆ, ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಅನಿಸಿಕೊಳ್ಳಲು ಮೊದಲು 10 ಕಾರ್ಮಿಕರು ಸಾಕಿತ್ತು, ಈಗ 20 ಬೇಕು. ಹದಿನೈದು ಜನರ ಪ್ರೆಸ್ ಶಾಪ್ ಕಾರ್ಖಾನೆಯ ವ್ಯಾಖ್ಯೆಯಿಂದ ಹೊರಗೆ ಬಿತ್ತು.

ಅವಘಡದಷ್ಟು ಗದ್ದಲವಿಲ್ಲದೆ ಕೊಲ್ಲುವುದು ಕಾಯಿಲೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 29 ಲಕ್ಷ ಜನ ಕೆಲಸದ ಕಾರಣದಿಂದ ಸಾಯುತ್ತಾರೆ. ಅವರಲ್ಲಿ ಸುಮಾರು 26 ಲಕ್ಷ ಮಂದಿಯನ್ನು ಕೊಲ್ಲುವುದು ಕಾಯಿಲೆ. ಕೋಲಾರದ ಚಿನ್ನದ ಗಣಿ ಇದ್ದ ಈ ನಾಡಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಕಲ್ಲಿನ ಧೂಳು ಪುಪ್ಪುಸ ಹೊಕ್ಕು ಬರುವ ಸಿಲಿಕೋಸಿಸ್‌ಗೆ ಪರಿಹಾರ ಕೊಡಲು ಮೈಸೂರು ಸಂಸ್ಥಾನ 1940ರಲ್ಲೇ ನಿಯಮ ಮಾಡಿತ್ತು. ಆದರೂ ಇವತ್ತು ಕ್ರಷರ್‌ಗಳಲ್ಲಿ, ಗ್ರಾನೈಟ್ ಕತ್ತರಿಸುವ ಶೆಡ್ಡುಗಳಲ್ಲಿ, ಫೌಂಡ್ರಿಗಳಲ್ಲಿ ಅದೇ ಧೂಳಿಗೆ ಮೈಯೊಡ್ಡಿದವರು ಕೆಮ್ಮಿಗೆ ಟಿಬಿ ಮಾತ್ರೆ ನುಂಗುತ್ತ ಊರು ಸೇರುತ್ತಾರೆ. ಕಾಯಿಲೆ ಕಾಣಿಸುವ ಹೊತ್ತಿಗೆ ಹತ್ತಾರು ವರ್ಷ ಕಳೆದಿರುತ್ತದೆ, ಆ ಮಾಲೀಕನ ಹಾಜರಿ ಪುಸ್ತಕದಲ್ಲಿ ಹೆಸರೇ ಇರುವುದಿಲ್ಲ. ಮೂರು ವರ್ಷದ ಸರ್ಟಿಫಿಕೇಟ್ ಇಪ್ಪತ್ತು ವರ್ಷದ ಕಾಯಿಲೆಯನ್ನು ಹಿಡಿಯಬೇಕಾದರೆ ಆಡಿಟರ್ ಗಾಳಿಯ ಧೂಳಿನ ಅಳತೆಯನ್ನೂ ಎದೆಯ ಎಕ್ಸ್‌ರೇ ದಾಖಲೆಯನ್ನೂ ಕೇಳಿ ನೋಡಬೇಕು. ಮುಚ್ಚಳಿಕೆ ಪತ್ರ ಸಾಲದು.

ಕೆಲಸದ ಅವಧಿಯೂ ಅಪಾಯವೇ. ಅಪಾಯ ಗುರುತಿಸುವಾಗ ಕೆಲಸದ ಹೊರೆ, ದುಡಿಯುವ ಗಂಟೆ, ಕಿರುಕುಳ ಇವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಐಎಸ್‌ಒ 45001 ಹೇಳುತ್ತದೆ. ಮಾನಸಿಕ ಆರೋಗ್ಯಕ್ಕೆಂದೇ 2021ರಲ್ಲಿ ಐಎಸ್‌ಒ 45003 ಬಂದಿದೆ. 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆಯವರೆಗಿನ ದುಡಿಮೆಗೆ ಅವಕಾಶ ಕೊಟ್ಟಿತು, ಮೂರು ತಿಂಗಳ ಓವರ್‌ಟೈಮ್ ಮಿತಿಯನ್ನು 75 ಗಂಟೆಯಿಂದ 144ಕ್ಕೆ ಏರಿಸಿತು. ಹೀಗೆ 12 ಗಂಟೆ ಪಾಳಿ ನಡೆಸುವ ಕಾರ್ಖಾನೆಯ ಅಪಾಯ ಪಟ್ಟಿಯಲ್ಲಿ ‘ಕೊನೆಯ ಎರಡು ಗಂಟೆಯ ಆಯಾಸ’ ಎಂಬ ಸಾಲು ಇದೆಯೇ ಎಂದು ಆಡಿಟರ್ ಕೇಳುತ್ತಾನೆಯೇ? ಬೆಂಗಳೂರಿನ ಐಟಿ ಕಂಪನಿಗಳ ಆಡಿಟ್‌ನಲ್ಲೂ ಅಗ್ನಿ ಕವಾಯತಿನ ದಿನಾಂಕಕ್ಕಿಂತ ಮುಂದೆ ಹೋಗಿ ರಾತ್ರಿಯ ಕಾಲ್‌ಗಳ ಲೆಕ್ಕ ಕೇಳುವ ದಿನ ಬರಬೇಕು.

ಕಾರ್ಖಾನೆಯೇ ಫೀಸು ಕೊಡುವ ಈ ಏರ್ಪಾಡಿಗೆ ಬೇರೆ ದಾರಿಯೇ ಇಲ್ಲವೆಂದಲ್ಲ. 2013ರ ಏಪ್ರಿಲ್ 24ರಂದು ಢಾಕಾ ಬಳಿ ರಾಣಾ ಪ್ಲಾಜಾ ಕುಸಿದು 1,134 ಜನ ಸತ್ತರು. ಹಿಂದಿನ ದಿನವೇ ಕಟ್ಟಡದಲ್ಲಿ ಬಿರುಕು ಕಂಡಿತ್ತು; ಮರುದಿನ ಕಾರ್ಮಿಕರನ್ನು ಒಳಗೆ ಕಳಿಸಿದರು. ಅದಾದ ಕೆಲವೇ ವಾರಗಳಲ್ಲಿ ಜಾಗತಿಕ ಬಟ್ಟೆ ಕಂಪನಿಗಳೂ ಕಾರ್ಮಿಕ ಸಂಘಗಳೂ ಬಾಂಗ್ಲಾದೇಶ ಅಕಾರ್ಡ್ ಎಂಬ ಒಪ್ಪಂದಕ್ಕೆ ಸಹಿ ಹಾಕಿದವು. ಅದು ಕಾನೂನುಬದ್ಧವಾಗಿ ಕಟ್ಟಿಹಾಕುವ ಒಪ್ಪಂದ, ಕಂಪನಿ ಮಾತು ತಪ್ಪಿದರೆ ಮಧ್ಯಸ್ಥಿಕೆಗೆ ಎಳೆಯಬಹುದು. ಎಂಜಿನಿಯರುಗಳು 1,600ಕ್ಕೂ ಹೆಚ್ಚು ಕಾರ್ಖಾನೆಗಳನ್ನು ತಪಾಸಣೆ ಮಾಡಿದರು, ಪ್ರತಿ ಕಾರ್ಖಾನೆಯ ವರದಿಯನ್ನೂ ಏನೇನು ಸರಿಯಾಗಿದೆ ಏನು ಬಾಕಿಯಿದೆ ಎಂಬುದನ್ನೂ ಹೆಸರು ಸಮೇತ ಸಾರ್ವಜನಿಕವಾಗಿ ಪ್ರಕಟಿಸಿದರು. ತಪಾಸಣೆಯ ಹಣ ಬಂದದ್ದು ಕಾರ್ಖಾನೆಗಳಿಂದಲ್ಲ, ಬಟ್ಟೆ ಕೊಳ್ಳುವ ಕಂಪನಿಗಳಿಂದ. ಬಾಗಿಲಿನ ಬೀಗ ತೆಗೆಸುವುದು ಅವರ ಮೊದಲ ಕೆಲಸಗಳಲ್ಲಿ ಒಂದಾಗಿತ್ತು. 2023ರಲ್ಲಿ ಇದೇ ಮಾದರಿ ಪಾಕಿಸ್ತಾನಕ್ಕೂ ಹೋಯಿತು. ಅದೇ ಜಾಗತಿಕ ಬ್ರ್ಯಾಂಡುಗಳಿಗೆ ಹೊಲಿಯುವ ಬೆಂಗಳೂರು, ರಾಮನಗರ, ಮಂಡ್ಯದ ಗಾರ್ಮೆಂಟ್ ಹೆಣ್ಣುಮಕ್ಕಳಿಗೆ ಅಂಥ ಒಪ್ಪಂದದ ಆಸರೆಯಿಲ್ಲ.

ಸರ್ಟಿಫಿಕೇಟ್ ಮಾಡಿಸಲು ಹೊರಟ ಸಣ್ಣ ಉದ್ಯಮಿಗೆ ಇಲ್ಲಿ ಒಂದು ಮಾತು. ‘ಎರಡೇ ದಿನದಲ್ಲಿ ಐಎಸ್‌ಒ’ ಎಂದು ಕೆಲವೇ ಸಾವಿರಕ್ಕೆ ಮಾರುವವರು ಬಹಳ ಇದ್ದಾರೆ. ಆಡಿಟರ್ ಕಾರ್ಖಾನೆಗೆ ಕಾಲಿಡದೆ ಬರುವ ಕಾಗದಕ್ಕೆ ಬೆಲೆಯಿಲ್ಲ. ಕೊಡುವ ಸಂಸ್ಥೆಗೆ ಎನ್‌ಎಬಿಸಿಬಿಯ ಅಥವಾ ಅಂತಾರಾಷ್ಟ್ರೀಯ ಮಾನ್ಯತೆ ಒಕ್ಕೂಟದ ಸದಸ್ಯ ಸಂಸ್ಥೆಯ ಮಾನ್ಯತೆ ಇದೆಯೇ, ಆ ಮಾನ್ಯತೆ ಸುರಕ್ಷತಾ ಮಾನದಂಡಕ್ಕೂ ಅನ್ವಯಿಸುತ್ತದೆಯೇ ಎಂದು ನೋಡಿ. ಅದನ್ನು ಆನ್‌ಲೈನಿನಲ್ಲಿ ಪರಿಶೀಲಿಸಬಹುದು. ಸಲಹೆ ಕೊಡುವ ಕನ್ಸಲ್ಟೆಂಟ್ ಮತ್ತು ಸರ್ಟಿಫಿಕೇಟ್ ಕೊಡುವ ಸಂಸ್ಥೆ ಒಂದೇ ಆಗಿದ್ದರೆ ಅಲ್ಲೇ ನಿಲ್ಲಿಸಿ, ನಿಯಮದ ಪ್ರಕಾರ ಅದು ನಿಷಿದ್ಧ. ಕೈಯಲ್ಲಿ ಇರುವ ಹಣ ಸ್ವಲ್ಪವೇ ಆಗಿದ್ದರೆ ಅದನ್ನು ಮೊದಲು ಪ್ರೆಸ್ಸಿನ ಸೆನ್ಸರಿಗೆ ಹಾಕಿ, ಸರ್ಟಿಫಿಕೇಟ್ ಮುಂದಿನ ವರ್ಷ ಮಾಡಿಸಬಹುದು.

ಸರ್ಕಾರದ ಮುಂದಿರುವ ಪ್ರಶ್ನೆ ಇದಕ್ಕಿಂತ ದೊಡ್ಡದು. 2023ರ ಡಿಸೆಂಬರ್‌ನಲ್ಲಿ ವಿಜಯಪುರದ ಕೈಗಾರಿಕಾ ಪ್ರದೇಶದ ಗೋದಾಮೊಂದರಲ್ಲಿ ಮೆಕ್ಕೆಜೋಳದ ರಾಶಿಯಡಿ ಸಿಕ್ಕಿ ಬಿಹಾರದ ಏಳು ಕಾರ್ಮಿಕರು ಸತ್ತರು. ಅಂಥ ಜಾಗಕ್ಕೆ ನಾಳೆ ಹೊರಗಿನ ಆಡಿಟರ್ ಹೋಗುವುದಾದರೆ ಅವನನ್ನು ಆರಿಸುವವರು ಮಾಲೀಕರಾಗಬಾರದು. ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯೇ ಕಂಪ್ಯೂಟರ್ ಮೂಲಕ ಚೀಟಿ ಎತ್ತಿದಂತೆ ಹೆಸರು ಆರಿಸಲಿ. ಉದ್ಯಮಗಳಿಂದ ಗಾತ್ರಕ್ಕೆ ತಕ್ಕ ಶುಲ್ಕ ಪಡೆದು ಒಂದು ನಿಧಿ ಮಾಡಿ ಅಲ್ಲಿಂದ ಫೀಸು ಕೊಡಲಿ. ಹತ್ತರಲ್ಲಿ ಒಂದೆರಡು ಕಡೆಗಾದರೂ ಸರ್ಕಾರಿ ಅಧಿಕಾರಿ ಹೇಳದೆ ಹೋಗಿ ಆಡಿಟರ್ ಬರೆದದ್ದು ನಿಜವೇ ಎಂದು ನೋಡಲಿ. ಅದಕ್ಕೆ ಇಲಾಖೆಯಲ್ಲಿ ಖಾಲಿಯಿರುವ ಹುದ್ದೆಗಳನ್ನು ತುಂಬಲೇಬೇಕು, ಖಾಸಗಿ ಆಡಿಟ್ ತಂದು ಅಧಿಕಾರಿಗಳ ಸಂಖ್ಯೆ ಇಳಿಸುವುದಾದರೆ ಗುಜರಾತಿನ ಹಳೆಯ ಪದ್ಧತಿಯೇ ಇಲ್ಲಿ ಮರುಕಳಿಸುತ್ತದೆ. ಸಾವು ಅಥವಾ ಗಂಭೀರ ಗಾಯವಾದ ಕಡೆಯ ಹಿಂದಿನ ಮೂರು ವರ್ಷದ ಆಡಿಟ್ ವರದಿಗಳನ್ನು ತನಿಖೆಯ ಭಾಗವಾಗಿ ಬಹಿರಂಗಪಡಿಸಲಿ. ವರದಿಯ ಒಂದು ಪ್ರತಿ, ಕನ್ನಡದಲ್ಲಿ ಮತ್ತು ಅಲ್ಲಿ ದುಡಿಯುವವರ ಭಾಷೆಯಲ್ಲಿ, ಕಾರ್ಮಿಕರ ಪ್ರತಿನಿಧಿಗಳಿರುವ ಸುರಕ್ಷತಾ ಸಮಿತಿಯ ಕೈಗೆ ಆಡಿಟರ್ ಹೊರಡುವ ಮೊದಲೇ ಸಿಗಲಿ. ಅದರಲ್ಲಿ ಬರೆಯದೆ ಬಿಟ್ಟದ್ದನ್ನು ಸೇರಿಸಲು ಅವರಿಗೆ ಜಾಗವಿರಲಿ, ಸೇರಿಸಿದವರ ಹೆಸರು ಮಾಲೀಕರಿಗೆ ಹೋಗದಿರಲಿ.